ನಿಂತ ಗಾಡಿಯ ಟೈರಿಗೂ ವಯಸ್ಸಾಗುತ್ತದೆ

ಸವಕಳಿಯು ಬಳಕೆಯಿಂದ ಮಾತ್ರವಲ್ಲದೆ ಕಾಲ ಕಳೆಯುವುದರಿಂದಲೂ ಉಂಟಾಗುತ್ತದೆ ಎಂಬುದು ವಾಣಿಜ್ಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಓದುವ ಪಾಠ. ಟೈರಿನ ವಿಷಯಕ್ಕೆ ಬಂದಾಗ ನಾವದನ್ನು ಮರೆಯುತ್ತೇವೆ. ಬಿಳಿಗೆರೆ, ನಂಜನಗೂಡು, ತಿ. ನರಸೀಪುರದ ಕಡೆ ಹಿರಿಯರು ಕೊಂಡ ಅಂಬಾಸಿಡರ್, ಪದ್ಮಿನಿ ಅಥವಾ ಜೀಪನ್ನು ಮಾರಲು ಮನಸ್ಸಾಗದೆ ಶೆಡ್ಡಿನಲ್ಲಿ ಇರಿಸಿಕೊಂಡಿರುವ ವರ್ತಕ ಮನೆತನಗಳುಂಟು. ಆಯುಧಪೂಜೆಯಂದು ತೊಳೆದು, ನಂಜುಂಡೇಶ್ವರನ ಸನ್ನಿಧಿಗೆ ಒಂದು ಸುತ್ತು ಹೋಗಿ ಬಂದರೆ ಮತ್ತೆ ಮುಂದಿನ ವರ್ಷವೇ. ಟೈರು ಓಡಿಯೇ ಇಲ್ಲ, ಗ್ರಿಪ್ಪು ಹಾಗೆಯೇ ಇದೆ ಎಂಬುದು ಮಾಲೀಕರ ಸಮಾಧಾನ.

ಈ ಸಮಾಧಾನಕ್ಕೆ ಆಧಾರವಿಲ್ಲ. ಗಾಳಿಯಲ್ಲಿರುವ ಆಮ್ಲಜನಕ, ಓಜೋನ್ ಮತ್ತು ಬಿಸಿಲು ರಬ್ಬರನ್ನು ಸದಾ ಗಟ್ಟಿಗೊಳಿಸುತ್ತ, ಬಿರುಕು ಬಿಡಿಸುತ್ತ ಇರುತ್ತವೆ. ಇದನ್ನು ತಡೆಯಲೆಂದೇ ತಯಾರಕರು ರಬ್ಬರಿನಲ್ಲಿ ಮೇಣ ಮತ್ತು ಇತರ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗುತ್ತಿದ್ದರೆ ಅವು ಮೇಲ್ಮೈಗೆ ಬಂದು ರಕ್ಷಣೆ ನೀಡುತ್ತವೆ. ನಿಂತ ಗಾಡಿಗೆ ಈ ಅನುಕೂಲ ಕಡಿಮೆ. ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸವೂ ನಡೆಯುತ್ತಿದ್ದರೆ ಓಜೋನ್ ಇನ್ನಷ್ಟು ಹೆಚ್ಚು. ಹೊರಗೆ ಕಾಣುವ ಬಿರುಕಿಗಿಂತ ಒಳಗಿನ ಪದರಗಳ ಅಂಟು ಸಡಿಲವಾಗುವುದು ಹೆಚ್ಚು ಅಪಾಯಕರ. ನಿಧಾನವಾಗಿ ಹೋಗುವಾಗ ಏನೂ ತಿಳಿಯದು. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ನಾಲ್ಕಾರು ಜನರನ್ನು ಹೊತ್ತು ವೇಗ ಹಿಡಿದಾಗ ಮೇಲಿನ ಪದರವೇ ಕಿತ್ತು ಬರಬಹುದು.

ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವದಿಂದ ಮರಳುತ್ತಿದ್ದ ಬಸ್ಸೊಂದರ ಮುಂದಿನ ಟೈರು ಸಿಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷ ಮೀರಿತ್ತು. 2021ರ ಫೆಬ್ರವರಿ 1ರಿಂದ ಅಲ್ಲಿ ಲಾರಿ, ಬಸ್ಸುಗಳ ಮುಂದಿನ ಅಚ್ಚಿಗೆ 10 ವರ್ಷ ದಾಟಿದ ಟೈರನ್ನು ನಿಷೇಧಿಸಲಾಯಿತು. 2013ರಲ್ಲಿ ಅಮೆರಿಕದ ನಟ ಪಾಲ್ ವಾಕರ್ ಪ್ರಯಾಣಿಸುತ್ತಿದ್ದ ಪೋರ್ಷೆ ಕಾರು ಅಪಘಾತಕ್ಕೀಡಾದಾಗ ತನಿಖೆಯು ಅತಿವೇಗವನ್ನು ಮುಖ್ಯ ಕಾರಣವೆಂದರೂ, ಒಂಬತ್ತು ವರ್ಷ ಹಳೆಯದಾದ ಟೈರುಗಳನ್ನೂ ಹೆಸರಿಸಿತು.

ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಟೈರಿನಲ್ಲಿ ಉಳಿದಿರುವ ಗ್ರಿಪ್ಪಿನ ಆಳವನ್ನು ನೋಡುತ್ತವೆ. ಎಂದೂ ಓಡದ ಟೈರು ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ! 2021ರ ಜುಲೈನಲ್ಲಿ 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ವಿಂಟೇಜ್ ನೋಂದಣಿ ಬಂದಿತು; ಹೊಸ ನೋಂದಣಿಗೆ 20,000 ರೂ. ಶುಲ್ಕ, ಅವಧಿ 10 ವರ್ಷ. ಇಷ್ಟು ಕಟ್ಟುವವರು ಟೈರಿನ ಖರ್ಚಿಗೆ ಹಿಂಜರಿಯುವುದು ವಿಚಿತ್ರ. ಹೊಸ ಟೈರಿನ ಮೇಲಿನ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ.

ಹಳೆಯ ಕಾರನ್ನು ಓಡಿಸದೆ ಇಡುವುದರಲ್ಲಿ ತೆರಿಗೆಯ ತೊಡಕೂ ಇದೆ. 20,000 ರೂ.ಗೆ ಕೊಂಡ 1931ರ ಫೋರ್ಡ್ ಕಾರನ್ನು 21 ಲಕ್ಷಕ್ಕೆ ಮಾರಿದವರೊಬ್ಬರು ಅದು ಸ್ವಂತ ಬಳಕೆಯ ವಸ್ತು, ಲಾಭಕ್ಕೆ ತೆರಿಗೆಯಿಲ್ಲ ಎಂದು ವಾದಿಸಿದರು. ಬಳಸಿದ್ದಕ್ಕೆ ಪುರಾವೆಯಿಲ್ಲವೆಂದು 2025ರಲ್ಲಿ ಬಾಂಬೆ ಹೈಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಆದ್ದರಿಂದ ಓಡಿಸಿ, ಆದರೆ ಓಡಿಸಬಲ್ಲ ಟೈರಿನ ಮೇಲೆ.

ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ಟೈರಿನ ಪಕ್ಕದಲ್ಲಿ 'ಡಾಟ್' ಎಂದು ಆರಂಭವಾಗುವ ಅಕ್ಷರಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. 2419 ಎಂದಿದ್ದರೆ 2019ರ 24ನೇ ವಾರದ ತಯಾರಿಕೆ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನದು, ಮುಂದೆ ಯೋಚಿಸಬೇಕಾಗಿಲ್ಲ. ಕೆಲವು ಕಾರು ತಯಾರಕರು ಆರು ವರ್ಷಕ್ಕೇ ಬದಲಾಯಿಸಲು ಹೇಳುತ್ತಾರೆ; ಹತ್ತು ವರ್ಷವನ್ನು ಕೊನೆಯ ಮಿತಿಯೆಂದು ಹಿಡಿಯುವುದು ರೂಢಿ.

ನಮ್ಮ ಟೈರು ವರ್ತಕ ಸದಸ್ಯರಿಗೂ ಇಲ್ಲೊಂದು ಮಾತು ಹೇಳಬೇಕು. ಅಂಬಾಸಿಡರಿನ 5.90-15 ಅಳತೆಯಂತಹ ನಿಧಾನವಾಗಿ ಬಿಕರಿಯಾಗುವ ಸರಕು ಗೋದಾಮಿನಲ್ಲಿಯೇ ಮುದಿಯಾಗುತ್ತದೆ. ಮೊದಲು ಬಂದದ್ದು ಮೊದಲು ಹೋಗಲಿ. ವರ್ಷಾಂತ್ಯದ ದಾಸ್ತಾನಿನಲ್ಲಿ ಹಳೆಯ ಸರಕನ್ನು ಕೊಂಡ ಬೆಲೆಗೇ ತೋರಿಸುವುದು ಲೆಕ್ಕಶಾಸ್ತ್ರಕ್ಕೂ ಸಮ್ಮತವಲ್ಲ. ಮಾರಿ ಬರಬಹುದಾದ ಬೆಲೆ ಕಡಿಮೆಯಿದ್ದರೆ ಅದನ್ನೇ ಹಿಡಿಯಬೇಕು. ಬಿಲ್ಲಿನಲ್ಲಿ ತಯಾರಿಕೆಯ ವಾರ, ವರ್ಷ ನಮೂದಿಸಿದರೆ ಮುಂದೆ ಗ್ರಾಹಕರೊಡನೆ ತಕರಾರು ಬರುವುದಿಲ್ಲ. ಗ್ರಾಹಕರು ನಾಲ್ಕು ಟೈರು ಬದಲಿಸಲು ಬಂದಾಗ ಡಿಕ್ಕಿಯನ್ನೂ ತೆರೆಸಿ ನೋಡಿರಿ. ಗಾಡಿ ಕೊಂಡ ಕಾಲದ ಸ್ಟೆಪ್ನಿ ಅಲ್ಲಿ ಇನ್ನೂ ಕುಳಿತಿರುವ ಸಂಭವ ಹೆಚ್ಚು.