ದುಡ್ಡು ಕೊಡದೆ ಕ್ಯೂ ತಪ್ಪಿಸಬಹುದೇ?

ಪ್ರಶ್ನೆ: ಡಿಸ್ನಿಯಂಥ ಥೀಮ್ ಪಾರ್ಕ್‌ಗಳಲ್ಲಿ ಹೆಚ್ಚಿನ ಹಣ ತೆರದೆ ಉದ್ದದ ಕ್ಯೂ ತಪ್ಪಿಸಿಕೊಳ್ಳಬಹುದಂತೆ, ನಿಜವೇ?

ಉತ್ತರ: ನಿಜ, ಆದರೆ ಎಲ್ಲ ಕಡೆ ಅಲ್ಲ. 1999ರಲ್ಲಿ ಡಿಸ್ನಿ ಫ್ಲಾರಿಡಾದಲ್ಲಿ ‘ಫಾಸ್ಟ್‌ಪಾಸ್’ ತಂದಿತು. ರೈಡ್ ಪಕ್ಕದ ಯಂತ್ರಕ್ಕೆ ಪ್ರವೇಶ ಟಿಕೆಟ್ ತೂರಿಸಿದರೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಅಚ್ಚಾದ ಒಂದು ಗಂಟೆಯ ಅವಧಿಯೊಳಗೆ ಮರಳಿ ಬಂದವರಿಗೆ ಬೇರೆಯೇ ಸಾಲು. ಪೂರ್ತಿ ಉಚಿತ. 2021ರಲ್ಲಿ ಅಮೆರಿಕದಲ್ಲಿ ಅದರ ಜಾಗಕ್ಕೆ ಹಣ ಕೊಡುವ ಪದ್ಧತಿ ಬಂತು. ಟಿಕೆಟ್ಟಿಗೇ ಅಷ್ಟು ತೆತ್ತವರಿಂದ ಮತ್ತೆ ಕೇಳುವುದು ನನಗೆ ಸರಿಕಾಣುವುದಿಲ್ಲ.

ಟೋಕಿಯೊ ಡಿಸ್ನಿ ಮಾತ್ರ 2023ರಲ್ಲಿ ಉಚಿತ ‘ಪ್ರಯಾರಿಟಿ ಪಾಸ್’ ಆರಂಭಿಸಿತು. ಜರ್ಮನಿಯ ಯೂರೋಪಾ-ಪಾರ್ಕ್‌ನಲ್ಲೂ ಆ್ಯಪ್ ಮೂಲಕ ಕೆಲವು ರೈಡ್‌ಗಳಿಗೆ ಉಚಿತ ‘ವರ್ಚುವಲ್ ಲೈನ್’ ಇದೆ.

ಒಂದು ವಿಷಯ ಗಮನಿಸಿ: ಇದರಿಂದ ರೈಡ್‌ನ ಸೀಟು ಹೆಚ್ಚುವುದಿಲ್ಲ. ಒಂದಷ್ಟು ಸೀಟು ಕಾಯ್ದಿರಿಸಿದವರಿಗೆ ಹೋಗುವುದರಿಂದ ಸಾಮಾನ್ಯ ಸಾಲು ಇನ್ನಷ್ಟು ನಿಧಾನವಾಗುತ್ತದೆ. ಹಾಗಾಗಿ ಪಾಸ್ ಇದ್ದೂ ಪಡೆಯದವರಿಗೆ ನಷ್ಟ ದುಪ್ಪಟ್ಟು.

ಟೋಕಿಯೊದಲ್ಲಿ ಗೇಟು ದಾಟಿದ ಮೇಲಷ್ಟೇ ಪಾಸ್ ಸಿಗುತ್ತದೆ, ಬೇಡಿಕೆಯ ರೈಡ್‌ಗಳದ್ದು ಬೇಗ ಮುಗಿಯುತ್ತದೆ. ಹಿಂದಿನ ರಾತ್ರಿಯೇ ಪಾರ್ಕಿನ ಆ್ಯಪ್ ಹಾಕಿಕೊಂಡು ಮನೆಮಂದಿಯ ಟಿಕೆಟ್‌ಗಳನ್ನೆಲ್ಲ ಅದಕ್ಕೆ ಸೇರಿಸಿಡಿ. ಒಳಗೆ ಕಾಲಿಟ್ಟ ಕೂಡಲೇ, ಫೋಟೊ ತೆಗೆಯುವ ಮೊದಲು, ಪಾಸ್ ತೆಗೆದುಕೊಳ್ಳಿ.