ಹಸಿರು ಮನೆಯ ಲೆಕ್ಕ ಅಡುಗೆಮನೆಯಲ್ಲಿದೆ

ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡ ಸಾಮಾನುಗಳಿಗೆ ಈಗ ದೊಡ್ಡ ಅಂಗಡಿಗಳಲ್ಲಿ ಬೇರೆಯೇ ಸಾಲು ಇರುತ್ತದೆ. ಬಿದಿರಿನ ಬ್ರಷ್ಷು, ಸ್ಟೀಲಿನ ಸ್ಟ್ರಾ, ಸಾವಯವ ಎಂದು ಹೇಳಿಕೊಳ್ಳುವ ನೆಲ ಒರೆಸುವ ದ್ರಾವಣ. ಇವನ್ನು ಕೊಂಡುತಂದ ಮಾತ್ರಕ್ಕೆ ಮನೆ ಹಸಿರಾಯಿತೆಂದು ನಂಬುವುದು ಸುಲಭ. ಆದರೆ ಒಂದು ಕುಟುಂಬ ಭೂಮಿಯ ಮೇಲೆ ಹೇರುವ ಭಾರದ ದೊಡ್ಡ ಪಾಲು ಇರುವುದು ದಿನವೂ ನಡೆಯುವ ಕೆಲಸಗಳಲ್ಲಿ: ಏನನ್ನು ಬೇಯಿಸುತ್ತೇವೆ, ಎಷ್ಟು ಹೊತ್ತು ಬೇಯಿಸುತ್ತೇವೆ, ತಿಂದು ಉಳಿದದ್ದನ್ನು ಎಲ್ಲಿಗೆ ಕಳಿಸುತ್ತೇವೆ. ಆ ಮನೆಯವರ ಆರೋಗ್ಯದ ದೊಡ್ಡ ಪಾಲೂ ನಿರ್ಧಾರವಾಗುವುದು ಅಲ್ಲಿಯೇ. ಭೂಮಿಗಾಗಿ ತ್ಯಾಗ ಮಾಡಿ ಎಂದರೆ ಜನ ಒಂದೆರಡು ವಾರ ಮಾಡಿ ಬಿಟ್ಟುಬಿಡುತ್ತಾರೆ. ಮೈಗೂ ಜೇಬಿಗೂ ಹಿತವಾಗುವ ಬದಲಾವಣೆ ಮನೆಯಲ್ಲಿ ಬೇರೂರುತ್ತದೆ. ಆದ್ದರಿಂದ ಮಣ್ಣಿಗೂ ಮೈಗೂ ಒಟ್ಟಿಗೆ ಒಳ್ಳೆಯದಾಗುವ ಕೆಲಸಗಳನ್ನು ಮೊದಲು ಹಿಡಿಯಬೇಕು, ಅವು ಹೆಚ್ಚಾಗಿ ಅಡುಗೆಮನೆಯಲ್ಲಿಯೇ ಸಿಗುತ್ತವೆ ಎಂಬುದು ನನ್ನ ವಾದ.

ರಾಗಿಯನ್ನೇ ನೋಡೋಣ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ. ನಾರಿನಂಶವೂ ಅಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು. ಕಾಳು ತೀರ ಸಣ್ಣದಾದ್ದರಿಂದ ಹೊರಸಿಪ್ಪೆಯನ್ನು ತೆಗೆಯುವುದು ಕಷ್ಟ. ಸಾಮಾನ್ಯವಾಗಿ ಇಡೀ ಕಾಳೇ ಹಿಟ್ಟಾಗಿ ತಟ್ಟೆಗೆ ಬರುತ್ತದೆ. ಇದು ತಿನ್ನುವವರ ಕಡೆಯ ಲೆಕ್ಕ. ಹೊಲದ ಕಡೆಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಒಂದು ಕೆ.ಜಿ. ಅಕ್ಕಿ ಬೆಳೆಯಲು ಸರಾಸರಿ 2,500 ಲೀಟರ್ ನೀರು ಬೇಕು. ಗದ್ದೆಯಲ್ಲಿ ನೀರು ನಿಂತು ಕೆಸರಿಗೆ ಗಾಳಿಯಾಡದಿದ್ದಾಗ ಅಲ್ಲಿನ ಸೂಕ್ಷ್ಮಾಣುಗಳು ಮೀಥೇನ್ ಬಿಡುತ್ತವೆ. ನೂರು ವರ್ಷಗಳ ಲೆಕ್ಕ ಹಿಡಿದರೆ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಕೋಲಾರ, ತುಮಕೂರು, ಹಾಸನದ ಕೆಂಪು ಮಣ್ಣಿನಲ್ಲಿ ರಾಗಿ ಬಹುಮಟ್ಟಿಗೆ ಮಳೆಯನ್ನೇ ನಂಬಿ ಬೆಳೆಯುತ್ತದೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕವೇ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಬೆರೆಸಿ ಇಂಡಾಫ್ ತಳಿಗಳನ್ನು ರೂಪಿಸಿದ ಲಕ್ಷ್ಮಣಯ್ಯನವರನ್ನು ಜನ ರಾಗಿ ಬ್ರಹ್ಮ ಎಂದು ಕರೆದದ್ದು ಸುಮ್ಮನೆ ಅಲ್ಲ. ಅವರ ದುಡಿಮೆಯಿಂದ ಇಳುವರಿ ಏರಿತು. ಆದರೂ ನಗರದ ತಟ್ಟೆಯಲ್ಲಿ ಅಕ್ಕಿಯ ಗುಡ್ಡ ಬೆಳೆಯುತ್ತಲೇ ಹೋಯಿತು.

ಹಳೆಯ ರಾಗಿ ಹೊಲ ಬರೀ ರಾಗಿಯ ಹೊಲವಾಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವುದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಅವರೆ, ತೊಗರಿಯಂಥ ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಯೂರಿಯಾ ಕಡಿಮೆ ಸಾಕು. ಇದೇ ಜೋಡಿ ತಟ್ಟೆಯಲ್ಲಿಯೂ ಕೆಲಸ ಮಾಡುತ್ತದೆ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಾಗುವ ಮೆಥಿಯೊನಿನ್ ರಾಗಿಯಲ್ಲಿ ಚೆನ್ನಾಗಿದೆ. ಮುದ್ದೆಗೆ ಅವರೆಕಾಳಿನ ಸಾರು ಕೂಡಿಬಂದದ್ದರಲ್ಲಿ ರುಚಿಯ ಜೊತೆಗೆ ಪೋಷಣೆಯ ವಿವೇಕವೂ ಇದೆ. ಬಸ್ಸಾರಂತೂ ಇನ್ನೂ ಜಾಣತನದ ಅಡುಗೆ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು ಮಾಡುವುದರಿಂದ ನೀರಿಗಿಳಿದ ಸತ್ವ ಮೋರಿಗೆ ಹೋಗುವುದಿಲ್ಲ.

ಇದನ್ನೆಲ್ಲ ಕೇಳಿ ಕರಾವಳಿಯವರೂ ಮಲೆನಾಡಿನವರೂ ಅನ್ನ ಬಿಟ್ಟು ಮುದ್ದೆ ಉಣ್ಣಬೇಕೆಂದು ಯಾರೂ ತಿಳಿಯಬೇಕಾಗಿಲ್ಲ. ಧಾರಾಳ ಮಳೆ ಬೀಳುವ ಸೀಮೆಗೆ ಭತ್ತವೇ ಸಹಜ ಬೆಳೆ. ಅಲ್ಲಿನ ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಮೇಲು, ಏಕೆಂದರೆ ಭತ್ತವನ್ನು ಕುಚ್ಚುವಾಗ ಹೊರಪದರದ ಬಿ ಜೀವಸತ್ವಗಳು ಸ್ವಲ್ಪಮಟ್ಟಿಗೆ ಕಾಳಿನ ಒಳಕ್ಕೆ ಇಳಿದು ಉಳಿಯುತ್ತವೆ. ವಿಜಯಪುರ, ಕಲಬುರಗಿಯವರಿಗೆ ಜೋಳದ ರೊಟ್ಟಿ ಇದೆ. ತಮ್ಮ ಸೀಮೆಯ ಮಳೆ, ಮಣ್ಣು ಒಪ್ಪುವ ಧಾನ್ಯವನ್ನು ದಿನಕ್ಕೆ ಒಂದು ಹೊತ್ತಾದರೂ ತಿನ್ನುವುದು ನಾನು ಕೇಳುವ ಬದಲಾವಣೆ. ಮಧುಮೇಹ ಇರುವವರು ಒಂದು ಎಚ್ಚರ ವಹಿಸಬೇಕು: ನುಣ್ಣಗೆ ಬೀಸಿದ ರಾಗಿಹಿಟ್ಟಿನ ತೆಳು ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಸೊಪ್ಪು, ಕಾಳಿನೊಡನೆ ಸಣ್ಣ ಮುದ್ದೆ ಬೇರೆ, ಬೆಲ್ಲ ಸುರಿದ ದೊಡ್ಡ ಲೋಟದ ಮಾಲ್ಟ್ ಬೇರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಆಸುಪಾಸಿನಲ್ಲಿ ಅಂಗಡಿಗಳಿಗೆ ನುಗ್ಗಿದ ಸಿರಿಧಾನ್ಯದ ಬಿಸ್ಕತ್ತು, ಚಿಪ್ಸುಗಳ ಬಗೆಗೂ ಇದೇ ಮಾತು. ಸಕ್ಕರೆ, ಎಣ್ಣೆ, ಉಪ್ಪು ತುಂಬಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೇಲೆ ರಾಗಿಯ ಒಳ್ಳೆಯತನ ಬಹಳ ಉಳಿಯುವುದಿಲ್ಲ.

ಇನ್ನು ಒಲೆ. ಮನೆಗೆ ಬರುವ 14.2 ಕೆ.ಜಿ. ಸಿಲಿಂಡರು ಪೂರ್ತಿ ಉರಿದಾಗ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಾಳನ್ನು ರಾತ್ರಿಯೇ ನೆನೆಹಾಕುವುದು, ಕುಕ್ಕರ್ ಬಳಸುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು ಹಣವನ್ನೂ ಗ್ಯಾಸನ್ನೂ ಉಳಿಸುತ್ತವೆ. ಉರಿಯುವ ಹೊತ್ತು ಕಡಿಮೆಯಾದಷ್ಟೂ ಅಡುಗೆ ಮಾಡುವವರ ಎದೆಗೆ ಹೋಗುವ ನೈಟ್ರೋಜನ್ ಡೈಆಕ್ಸೈಡ್ ಕಡಿಮೆ. ಕಿಟಕಿ ತೆರೆದಿದ್ದರೆ ಇನ್ನೂ ಕಡಿಮೆ. ಸೌದೆ ಒಲೆಯ ಹೊಗೆ ಇದಕ್ಕಿಂತ ಎಷ್ಟೋ ಪಾಲು ಘೋರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿದಾಗಲೂ ಕಾಡು ಮತ್ತು ಹೆಂಗಸರ ಶ್ವಾಸಕೋಶ ಎರಡನ್ನೂ ಒಟ್ಟಿಗೆ ಉಳಿಸುವ ಯೋಚನೆಯೇ ಇತ್ತು.

ನೀರಿನ ಲೆಕ್ಕ ಬೆಂಗಳೂರಿನವರಿಗೆ ಹೆಚ್ಚು ಅನ್ವಯಿಸುತ್ತದೆ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಿಂದ ಮೇಲೇರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಮುನ್ನೂರು ಮೀಟರ್ ಎತ್ತಲು, ಪಂಪು ಕೊಳವೆಗಳ ನಷ್ಟ ಬಿಟ್ಟರೂ, ಮುಕ್ಕಾಲು ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಹಾಗೆ ಬಂದ ನೀರಿಗೆ ಆರ್‌ಒ ಯಂತ್ರ ಜೋಡಿಸಿ, ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಹೊರಗೆ ಬಿಡುವ ಮನೆಗಳು ಬಹಳ. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರು ಕುಡಿಯುವ ಕೋಲಾರ, ಪಾವಗಡದ ಕಡೆ ಆ ಯಂತ್ರ ಬೇಕೇಬೇಕು. ಕರಗಿದ ಲವಣ ಕಡಿಮೆ ಇರುವ ನದಿ ನೀರಿಗೆ ಸೋಸಿ ಕುದಿಸುವುದೋ ಯುವಿ ಶೋಧಕವೋ ಸಾಕು.

ಮುಸುರೆಯ ಬುಟ್ಟಿಗೆ ಬರೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆ.ಜಿ. ಆಹಾರ ಕಸವಾಗುತ್ತದೆ. ಇದು ಪ್ಲಾಸ್ಟಿಕ್ ಚೀಲದಲ್ಲಿ ಬೆರೆತು ಗುಡ್ಡೆ ಬಿದ್ದಾಗ ಒಳಗೆ ಗಾಳಿ ಸಿಗದೆ ಕೊಳೆತು, ಕೆಸರುಗದ್ದೆಯ ಹಾಗೆಯೇ ಮೀಥೇನ್ ಬಿಡುತ್ತದೆ. ಅದರಿಂದ ಸೋರುವ ಕಪ್ಪು ನೀರು ಅಂತರ್ಜಲಕ್ಕೆ ಇಳಿಯುತ್ತದೆ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗಿ ಅಲ್ಲಿನ ಹಳ್ಳಿಗರ ಬಾವಿ, ಗಾಳಿ ಎರಡನ್ನೂ ಕೆಡಿಸಿತು. ಜನ ಲಾರಿಗಳನ್ನು ತಡೆದು ಹೋರಾಡಿದ ಮೇಲೆ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರಲ್ಲಿ ಕಸ ಸುರಿಯುವುದು ನಿಂತಿತು. ಮನೆಯಲ್ಲೇ ಹಸಿಕಸ ಬೇರೆ ಮಾಡಬೇಕೆಂಬ ನಿಯಮಕ್ಕೆ ಬಲ ಬಂದದ್ದು ಆ ಹಳ್ಳಿಗಳ ನೋವಿನಿಂದ. ಅದನ್ನು ಮರೆತು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ನಾಗರಿಕರಿಗೆ ಒಪ್ಪುವ ನಡತೆಯಲ್ಲ. ಬಾಲ್ಕನಿಯಲ್ಲಿ ಗೊಬ್ಬರ ಮಾಡಿದರೆ ನಾರುತ್ತದೆ ಎಂಬ ದೂರಿಗೆ ಉತ್ತರ ಸರಳ: ನಾರುವುದು ತೇವ ಹೆಚ್ಚಾಗಿ ಗಾಳಿ ಕಡಿಮೆಯಾದಾಗ. ಸಿಪ್ಪೆಯ ಪ್ರತಿ ಪದರದ ಮೇಲೂ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಹರಡಿ, ಆಗಾಗ ಕೆದಕುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಅದರಲ್ಲಿ ಕೊತ್ತಂಬರಿ, ಮೆಂತ್ಯ, ದಂಟು ಬೆಳೆಯಬಹುದು. ಆದರೆ ಗೊಬ್ಬರಕ್ಕಿಂತ ಮೊದಲಿನ ಹೆಜ್ಜೆ ಅಳತೆ ಮಾಡಿ ಬೇಯಿಸುವುದು. ಚೆಲ್ಲಿದ ಅನ್ನದ ಜೊತೆಗೆ ಗದ್ದೆಯ ನೀರು, ಲಾರಿಯ ಡೀಸೆಲ್ಲು, ಒಲೆಯ ಗ್ಯಾಸು ಎಲ್ಲವೂ ಚೆಲ್ಲಿಹೋಗುತ್ತವೆ.

ಕಾರ್ಖಾನೆಗಳೂ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳೂ ಗಾಳಿಯನ್ನು ಹಾಳುಮಾಡುತ್ತಿರುವಾಗ ಒಂದು ಮನೆಯ ಮುದ್ದೆ, ಮುಚ್ಚಳದಿಂದ ಆಗುವುದೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಸರ್ಕಾರ, ಉದ್ಯಮಗಳ ಹೊಣೆಯನ್ನು ಮನೆಗಳ ತಲೆಗೆ ಕಟ್ಟುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಜಗತ್ತು ಒಂದಿಷ್ಟೂ ಬದಲಾಗದಿದ್ದರೂ ನಾರು ಹೆಚ್ಚಿರುವ ಊಟ, ಹೊಗೆಯಿಲ್ಲದ ಅಡುಗೆಮನೆ, ದಿನಕ್ಕೆ ಐದು ಗ್ರಾಂ ಒಳಗಿನ ಉಪ್ಪು ಆ ಮನೆಯವರಿಗೆ ಕೊಡುವ ಫಲವನ್ನು ಯಾರೂ ಕಸಿಯಲಾರರು. ಬೇಡಿಕೆಗೂ ಬಲವಿದೆ. ರಾಜ್ಯ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಹಂಚುತ್ತದೆ. ಅದನ್ನು ಕೇಳಿ ಪಡೆದು ಉಣ್ಣುವವರಿದ್ದರೆ ಮಳೆಯಾಶ್ರಿತ ರೈತನಿಗೆ ಆ ಮಾರುಕಟ್ಟೆ ಉಳಿಯುತ್ತದೆ. ಹಸಿರು ಬದುಕು ಹಣವಂತರ ಶೋಕಿ ಎಂಬ ಮಾತಿಗೂ ಉತ್ತರ ಇಲ್ಲಿಯೇ ಇದೆ. ಇಲ್ಲಿ ಹೇಳಿದ ಕೆಲಸಗಳಲ್ಲಿ ಹೆಚ್ಚಿನವು ಖರ್ಚನ್ನು ಇಳಿಸುವಂಥವು.

ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ಆಕ್ಷೇಪ ಬೇರೆಯದು. ನೆನೆಹಾಕುವುದು, ಬಸಿಯುವುದು, ಕಸ ವಿಂಗಡಿಸುವುದು, ಗೊಬ್ಬರ ಕೆದಕುವುದು ಎಲ್ಲವೂ ಕೊನೆಗೆ ಮನೆಯ ಹೆಂಗಸಿನ ಮೇಲೆಯೇ ಬೀಳುತ್ತವೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುವುದು ಕಂಡುಬಂತು. ಗಂಡಸರಲ್ಲಿ ಆ ಕೆಲಸಕ್ಕೆ ಕೈ ಹಾಕುವವರೇ ಕಡಿಮೆ. ಈ ಅಂತರವನ್ನು ಹಿಗ್ಗಿಸುವ ಹಸಿರು ಬದುಕಿಗೆ ಆರೋಗ್ಯವೆಂಬ ಹೆಸರು ಸಲ್ಲದು. ಒಬ್ಬರ ಸೊಂಟ ಮುರಿದು ಉಳಿದವರ ರಕ್ತದೊತ್ತಡ ಇಳಿಸುವುದು ಕುಟುಂಬದ ಆರೋಗ್ಯ ಹೇಗಾದೀತು? ಆದ್ದರಿಂದ ಹೊಸ ಅಭ್ಯಾಸ ತರುವ ದಿನವೇ ಕೆಲಸವನ್ನೂ ಹಂಚಬೇಕು. ಕಾಳು ನೆನೆಹಾಕುವುದಕ್ಕೂ ಗೊಬ್ಬರದ ಬುಟ್ಟಿಗೆ ತರಗೆಲೆ ಉದುರಿಸುವುದಕ್ಕೂ ಶಾಲೆಗೆ ಹೋಗುವ ಮಕ್ಕಳು ಸಾಕು. ಕಸದ ಗಾಡಿಗೆ ಬುಟ್ಟಿ ಒಯ್ಯುವುದು, ಪಡಿತರದ ಸಾಲಿನಲ್ಲಿ ನಿಲ್ಲುವುದು, ಕುದಿಯುವ ಹಿಟ್ಟಿಗೆ ಕೋಲು ಹಾಕಿ ಗಂಟಿಲ್ಲದಂತೆ ಮುದ್ದೆ ತಿರುವುವುದು ಗಂಡಸರ ಪಾಲಿಗೆ ಬರಲಿ.