ಎಕ್ಕದ ಮಿಡತೆಯೂ ಊರಿನ ಗಾಬರಿಯೂ

ಬೇಸಾಯದ ಪುಸ್ತಕಗಳಲ್ಲಿ ಕೀಟ, ರೋಗ, ಗೊಬ್ಬರಗಳ ಲೆಕ್ಕ ಸಿಗುತ್ತದೆ. ಗಾಬರಿಯಲ್ಲಿ ಹೊಡೆದ ಔಷಧಿಯ ಲೆಕ್ಕ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಆದರೆ ಅದರ ಖರ್ಚು ರೈತನ ಕೈಯಿಂದಲೇ ಹೋಗುತ್ತದೆ, ಕೆಲವೊಮ್ಮೆ ಕೀಟ ಮಾಡುವ ನಷ್ಟವನ್ನೂ ಮೀರುತ್ತದೆ.

2020ರ ಮೇ ತಿಂಗಳ ಕೊನೆಯಲ್ಲಿ ಕೋಲಾರ ತಾಲ್ಲೂಕಿನಲ್ಲಿ ಎಕ್ಕದ ಗಿಡಗಳ ಮೇಲೆ ಮಿಡತೆಗಳು ಗುಂಪುಗುಂಪಾಗಿ ಕಾಣಿಸಿಕೊಂಡವು. ಅದೇ ದಿನಗಳಲ್ಲಿ ಮರುಭೂಮಿ ಮಿಡತೆಯ ದಂಡುಗಳು ರಾಜಸ್ಥಾನ, ಮಧ್ಯಪ್ರದೇಶಗಳನ್ನು ದಾಟಿ ಮಹಾರಾಷ್ಟ್ರದ ವಿದರ್ಭವನ್ನು ಮುಟ್ಟಿದ್ದವು. ಲಾಕ್‌ಡೌನಿನಿಂದ ಮೊದಲೇ ನೊಂದಿದ್ದ ಜನರಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ದಂಡು ಜಿಲ್ಲೆಗೆ ಬಂದೇಬಿಟ್ಟಿತು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕೃಷಿ ಇಲಾಖೆಯವರು ಪರೀಕ್ಷಿಸಿ ನೋಡಿದಾಗ ಅದು ಎಕ್ಕದ ಮಿಡತೆ ಎಂದು ತಿಳಿಯಿತು. ಮರುಭೂಮಿ ಮಿಡತೆಯ ದಂಡು ಆ ವರ್ಷ ಕೋಲಾರದ ಕಡೆ ಬರಲೇ ಇಲ್ಲ.

ಎಕ್ಕದ ಮಿಡತೆ ಹೊರಗಿನಿಂದ ಬಂದದ್ದಲ್ಲ. ಕ್ಯಾಸಂಬಳ್ಳಿ ಹೋಬಳಿಯಂಥ ಒಣ ಪ್ರದೇಶದಲ್ಲಿ, ಬದುಗಳ ಮೇಲೆ, ಪಾಳು ನೆಲದಲ್ಲಿ ಎಕ್ಕ ಬೆಳೆದಲ್ಲೆಲ್ಲ ಇದು ಇರಬಹುದಾದ ಕೀಟ. ಮೈಮೇಲೆ ಹಳದಿ ಮತ್ತು ನೀಲಿಹಸಿರು ಪಟ್ಟೆಗಳು ಎದ್ದು ಕಾಣುತ್ತವೆ. ದನ ಬಾಯಿ ಹಾಕದ ಎಕ್ಕದ ಹಾಲಿನ ವಿಷವನ್ನು ಈ ಹುಳು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಮುಟ್ಟಿದರೆ ಕೆಟ್ಟ ದ್ರವ ಚಿಮ್ಮಿಸುತ್ತದೆ. ಬಹುದೂರ ಹಾರಲಾರದು. ಎಕ್ಕ ಮುಗಿದಾಗ ಪಕ್ಕದ ತರಕಾರಿ ಗಿಡಕ್ಕೆ ಬಾಯಿ ಹಾಕುವುದುಂಟು, ಅದು ಅಪರೂಪ. ಮರುಭೂಮಿ ಮಿಡತೆಯಾದರೋ ಗಾಳಿಯೊಡನೆ ದಿನಕ್ಕೆ 150 ಕಿಲೋಮೀಟರಿನವರೆಗೆ ಸಾಗಬಲ್ಲದು. ದಂಡಿನಲ್ಲಿರುವ ಎಳೆಯ ಮಿಡತೆ ನಸುಗೆಂಪು, ಬಲಿತದ್ದು ಹಳದಿ. ಒಂದು ಚದರ ಕಿಲೋಮೀಟರ್ ದಂಡಿನಲ್ಲಿ 4ರಿಂದ 8 ಕೋಟಿ ಮಿಡತೆಗಳಿರುತ್ತವೆ. ಅದು ಹಸಿರು ಕಂಡಲ್ಲೆಲ್ಲ ಇಳಿಯುತ್ತದೆ. ಎಕ್ಕದ ಗಿಡವನ್ನು ಹುಡುಕಿಕೊಂಡು ಹೋಗಿ ಅದರ ಮೇಲೆ ಮಾತ್ರ ಕೂರುವ ಹುಳುವನ್ನು ಕಂಡಾಗಲೇ ಅರ್ಧ ಸಂಶಯ ತೀರಬೇಕಿತ್ತು. ಅಲ್ಲದೆ ಮೇ ಕೊನೆಯಲ್ಲಿ ಈ ಸೀಮೆಯ ರಾಗಿ ಹೊಲಗಳು ಇನ್ನೂ ಬರಿದಾಗಿರುತ್ತವೆ.

ಹಾಗಾದರೆ ಜನ ಯಾಕೆ ನಿಂತು ನೋಡಲಿಲ್ಲ? ಇದನ್ನು ತಿಳಿಗೇಡಿತನ ಎಂದು ತಳ್ಳಿಹಾಕುವುದು ತಪ್ಪು. ಅಪಾಯ ಬಂತೆಂದು ಮನಸ್ಸಿಗೆ ತೋರಿದ ಕ್ಷಣವೇ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಗುಟ್ಟುತ್ತದೆ, ಉಸಿರು ಬಿರುಸಾಗುತ್ತದೆ, ಅಂಗೈ ಬೆವರುತ್ತದೆ. ಹಾವು ಕಂಡಾಗ ಹಾರಿ ಹಿಂದೆ ಸರಿಯಲು ಇದೇ ಬೇಕು. ಆದರೆ ಈ ಸ್ಥಿತಿಯಲ್ಲಿ ಗಮನವೆಲ್ಲ ಅಪಾಯವೆಂದು ತೋರಿದ ಒಂದೇ ವಸ್ತುವಿನ ಮೇಲೆ ನಾಟುತ್ತದೆ, ಸುತ್ತಲಿನ ಸಂಗತಿ ಕಾಣುವುದಿಲ್ಲ. ಮಿಡತೆ ಕಾಣುತ್ತದೆ, ಅದರ ಬಣ್ಣ ಕಾಣುವುದಿಲ್ಲ. ಔಷಧಿಯ ಸೀಸೆ ಕೈಗೆ ಸಿಗುತ್ತದೆ, ಅದರ ಮೇಲಿನ ಚೀಟಿ ಓದುವಷ್ಟು ತಾಳ್ಮೆ ಇರುವುದಿಲ್ಲ.

ಹೀಗೆ ಅಳತೆ ತಪ್ಪಿ, ಎರಡು ಮೂರು ಔಷಧಿ ಬೆರೆಸಿ, ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಹೊಡೆಯುವವರಿದ್ದಾರೆ. ಕೋಲಾರ ಜಿಲ್ಲೆಯಲ್ಲಿ ಇದರ ಪೆಟ್ಟು ಮೊದಲು ಬೀಳುವುದು ರೇಷ್ಮೆಗೆ. ಬದುವಿನ ಎಕ್ಕಕ್ಕೆ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಪಕ್ಕದವರ ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಹುಳು ಗೂಡು ಕಟ್ಟದೆಯೇ ಸಾಯುತ್ತದೆ. ಮಿಡತೆಯಿಂದ ಆಗದಿದ್ದ ನಷ್ಟ ನೆರೆಯವನ ಗಾಬರಿಯಿಂದ ಆಗುತ್ತದೆ. ಎಕ್ಕದ ಹೂವಿಗೆ ಬರುವ ದೊಡ್ಡ ಕರಿದುಂಬಿ ಬದನೆಯ ಹೂವಿಗೂ ಬಂದು ಕಾಯಿ ಕಟ್ಟಲು ನೆರವಾಗುತ್ತದೆ. ಅದೂ ಸಾಯುತ್ತದೆ.

ಹೊಡೆದವನಿಗೆ ಮೈ ನಡುಗಿ ಬೆವರು ಬಂದರೆ ಅದನ್ನು ಬರೀ ಗಾಬರಿ ಎಂದು ಕಡೆಗಣಿಸಬಾರದು. ಗಾಬರಿಯ ಉಬ್ಬರ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಏರಿ ನಿಧಾನವಾಗಿ ಇಳಿಯುತ್ತದೆ. ಬಾಯಲ್ಲಿ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗುವುದು, ವಾಂತಿ, ಸ್ನಾಯುಗಳ ಅದುರು ಇವು ವಿಷಬಾಧೆಯ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ, ಯಾವುದೆಂದು ಅನುಮಾನ ಬಂದರೂ, ಬಟ್ಟೆ ಕಳಚಿ ಮೈ ತೊಳೆದು ಔಷಧಿಯ ಚೀಟಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಂಪಿನ ಗಾಬರಿ

ಮರುಭೂಮಿ ಮಿಡತೆಯೂ ಹುಟ್ಟಿನಿಂದ ದಂಡಿನ ಪ್ರಾಣಿಯಲ್ಲ. ಒಂಟಿಯಾಗಿರುವಾಗ ಸಾಧು ಹುಳು, ಒಂದನ್ನೊಂದು ದೂರವೇ ಇಡುತ್ತದೆ. ಮೇವು ಕಡಿಮೆಯಾಗಿ ಎಲ್ಲವೂ ಒಂದೇ ಕಡೆ ಒತ್ತೊತ್ತಾಗಿ ಸೇರಿದಾಗ ಹಿಂಗಾಲುಗಳು ಒಂದಕ್ಕೊಂದು ತಾಗುತ್ತವೆ. ಆ ಸ್ಪರ್ಶದಿಂದ ನರಮಂಡಲದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿ, ಕೆಲವೇ ಗಂಟೆಗಳಲ್ಲಿ ಸ್ವಭಾವ ಬದಲಾಗುತ್ತದೆ ಎಂದು 2009ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಮನುಷ್ಯನನ್ನು ಮಿಡತೆಗೆ ಹೋಲಿಸುವುದು ಪೂರ್ತಿ ಸರಿಯಲ್ಲ. ಆದರೂ ಅಂಗಡಿಯ ಮುಂದೆ ಸಾಲು ಕಂಡ ರೈತ ಕಾರಣ ಕೇಳುವ ಮೊದಲು ಸಾಲಿನಲ್ಲಿ ನಿಲ್ಲುವುದನ್ನು ಎಲ್ಲರೂ ಬಲ್ಲರು.

2025ರ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಯೂರಿಯಾಕ್ಕಾಗಿ ಉದ್ದನೆಯ ಸಾಲುಗಳು ನಿಂತವು. ಪೂರೈಕೆಯಲ್ಲಿ ಕೊರತೆ ಇದ್ದದ್ದು ನಿಜ, ಭಯಕ್ಕೆ ಆಧಾರವಿತ್ತು. ಆದರೆ ಒಂದು ಚೀಲ ಬೇಕಾದವನು ಮೂರು ಕೊಂಡರೆ ಇಬ್ಬರಿಗೆ ಇಲ್ಲವಾಗುತ್ತದೆ. ಆ ಇಬ್ಬರನ್ನು ನೋಡಿ ಇನ್ನಷ್ಟು ಜನ ಓಡಿ ಬರುತ್ತಾರೆ. ಕೀಟದ ಸುಳ್ಳು ಸುದ್ದಿ ನಾಲ್ಕು ದಿನದಲ್ಲಿ ಬಯಲಾಗುತ್ತದೆ, ಕೊರತೆಯ ಸುದ್ದಿಯಾದರೋ ಜನ ನಂಬಿದಷ್ಟೂ ನಿಜವಾಗುತ್ತಾ ಹೋಗುತ್ತದೆ.

ಕ್ಯಾಸಂಬಳ್ಳಿಯ ಕಡೆಯ ಮಳೆಯಾಶ್ರಿತ ರಾಗಿಯನ್ನು ಉದಾಹರಣೆಗೆ ನೋಡಬಹುದು. ಎಕರೆಗೆ 20 ಕಿಲೋಗ್ರಾಂ ಸಾರಜನಕ, 16 ಕಿಲೋಗ್ರಾಂ ರಂಜಕ ಶಿಫಾರಸು. ರಂಜಕಕ್ಕಾಗಿ 35 ಕಿಲೋಗ್ರಾಂ ಡಿ.ಎ.ಪಿ. ಹಾಕಿದರೆ ಅದರಿಂದಲೇ 6 ಕಿಲೋಗ್ರಾಂ ಸಾರಜನಕ ಬರುತ್ತದೆ. ಉಳಿದದ್ದಕ್ಕೆ ಯೂರಿಯಾ ಬೇಕಾಗುವುದು ಸುಮಾರು 30 ಕಿಲೋಗ್ರಾಂ, ಎಂದರೆ 45 ಕಿಲೋಗ್ರಾಂ ಚೀಲದಲ್ಲಿ ಮೂರನೆಯ ಎರಡು ಭಾಗ. ಅದರಲ್ಲಿಯೂ ಹೆಚ್ಚಿನ ಪಾಲು ಬಿತ್ತಿದ ಮೂರು ನಾಲ್ಕು ವಾರಗಳ ನಂತರ ಮೇಲುಗೊಬ್ಬರವಾಗಿ ಬೇಕು. ಮನೆಯ ಮೂಲೆಯಲ್ಲಿ ಪೇರಿಸಿಟ್ಟ ಹೆಚ್ಚಿನ ಚೀಲ ತೇವ ಹೀರಿ ಗಟ್ಟಿಯಾಗುತ್ತದೆ. ಅದನ್ನು ಹೇಗಾದರೂ ಮುಗಿಸಬೇಕೆಂದು ಬೆಳೆಗೆ ಸುರಿದರೆ ಪೈರು ಸೊಕ್ಕಿ ಮಲಗುತ್ತದೆ. ಈ ಲೆಕ್ಕವನ್ನು ಬಿತ್ತನೆಗೆ ಮೊದಲೇ ಬರೆದಿಟ್ಟುಕೊಂಡವನು ಸಾಲಿನಲ್ಲಿ ನಿಂತರೂ ತನಗೆ ಬೇಕಾದಷ್ಟನ್ನೇ ಕೇಳುತ್ತಾನೆ.

ಗ್ರಾಹಕರ ಗಾಬರಿಯೂ ರೈತನನ್ನೇ ತಟ್ಟುತ್ತದೆ. 2020ರ ಮೇ ತಿಂಗಳಲ್ಲಿಯೇ ಮಹಾರಾಷ್ಟ್ರದ ಟೊಮೆಟೊಗೆ ತಗುಲಿದ ವೈರಸ್ ಮನುಷ್ಯರಿಗೂ ಹರಡುತ್ತದೆಂಬ ಗುಲ್ಲು ಎದ್ದಿತು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಕಂಡದ್ದು ಸೌತೆ ಮೊಸಾಯಿಕ್ ವೈರಸ್. ಅದು ಗಿಡದ ಕಾಯಿಲೆ, ಹಣ್ಣು ತಿಂದವರಿಗೆ ಅಂಟುವುದಿಲ್ಲ. ಟೊಮೆಟೊವನ್ನೇ ನೆಚ್ಚಿದ ಕೋಲಾರದಂಥ ಜಿಲ್ಲೆಗೆ ಇಂಥ ಗುಲ್ಲು ಸಣ್ಣ ವಿಷಯವಲ್ಲ. ಕೊಯ್ದ ಹಣ್ಣು ವದಂತಿ ತಣ್ಣಗಾಗುವವರೆಗೆ ಕಾಯುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ಇಂಥ ಹೊತ್ತಿನಲ್ಲಿ ಅದೇ ದಿನ ಊರಿಗೆ ಹೋಗುವುದು ಮುಖ್ಯ. ಹೆದರಿದವರನ್ನು ನಗೆಯಾಡಿದರೆ ಮುಂದಿನ ಸಲ ನಿಜವಾದ ಕೀಟ ಬಂದಾಗ ಯಾರೂ ತಿಳಿಸುವುದಿಲ್ಲ. ಹುಳುವನ್ನು ಸೀಸೆಯಲ್ಲಿ ಹಿಡಿದು, ಯಾವ ಗಿಡದ ಮೇಲಿತ್ತು, ಎಷ್ಟಿತ್ತು ಎಂದು ಗುರುತು ಮಾಡಿ, ಅದರ ಹೆಸರನ್ನು ಡೇರಿಯ ಮುಂದಿನ ಹಲಗೆಯ ಮೇಲೆ ಬರೆದರೆ ಹಾಲು ಹಾಕಲು ಬಂದವರೆಲ್ಲ ಓದುತ್ತಾರೆ. ಹೆಸರು ತಿಳಿದ ಮೇಲೆ ಭಯ ಎಷ್ಟೋ ಇಳಿಯುತ್ತದೆ. ಹತ್ತಿರದಲ್ಲಿ ತಿಳಿದವರಿಲ್ಲದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಕೇಳಬಹುದು.

ಕೆಲವರಲ್ಲಿ ಕೀಟ ಹೋದರೂ ಕಳವಳ ಹೋಗುವುದಿಲ್ಲ. ಬತ್ತಿದ ಕೊಳವೆ ಬಾವಿ, ತೀರದ ಸಾಲ ಒಳಗೊಳಗೇ ಕೊರೆಯುತ್ತಿರುತ್ತವೆ. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಹೊಲದ ಕಡೆ ಹೋಗಲು ಮನಸ್ಸಾಗದಿರುವುದು ಇದರ ಲಕ್ಷಣಗಳು. ಇದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ತೊಂದರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆ ಮಾಡಬಹುದು. ಮಾತನಾಡಲು ರೈತನೇ ಹಿಂಜರಿದರೆ ಮನೆಯವರು ಮೊದಲು ಕರೆ ಮಾಡಿ ಕೇಳಿದರೂ ಆಗುತ್ತದೆ.